ಮೇಲಿರೋ ಎರಡೂ ಲೂಸು

ನನ್ನ ಅಕ್ಕ ಸುಳ್ಳು ಹೇಳಿದ್ದನ್ನು ನಾನು ಹುಟ್ಟಿದಾಗಿನಿಂದ ಒಂದು ಸಲವೂ ಕೇಳಿಲ್ಲ. ಹೇಳಬಾರದು ಅಂತಲ್ಲ, ಅವಳಿಗೆ ಹೇಳೋಕೇ ಬರುವುದಿಲ್ಲ. ಬೇಡದ ನೆಂಟರು ಬಂದಾಗ ನಾನು ಬಾಗಿಲಲ್ಲೇ ನಿಂತು ‘ಅಕ್ಕ ಮನೇಲಿಲ್ವಲ್ಲಾ’ ಎಂದು ರಾಗ ಎಳೆಯುತ್ತಿದ್ದರೆ, ಒಳಗಿನಿಂದ ‘ಇದೀನಿ ಕಣೇ, ಕೈಯೆಲ್ಲಾ ಗೋಂದು, ತೊಳ್ಕೊಂಡು ಬಂದೆ’ ಎಂದು ಕೂಗುವ ಪೈಕಿ ಅವಳು. ಅಂಥವಳ ಹೆಸರಿಗೆ ‘ತಾವು ಸುಳ್ಳು ಹೇಳಿರುವುದಾಗಿ ತಾವೇ ಒಪ್ಪಿಕೊಂಡಿರುತ್ತೀರಿ’ ಎಂದು ಬರೆದ ಕಾಗದ ಬಂತು. ನನ್ನ ಮೈ ಉರಿಯದೆ ಇನ್ನೇನಾಗಬೇಕು?

ಅಕ್ಕ ಮತ್ತು ನಾನು ಒಂದೇ ಮುದ್ರಣಾಲಯದಲ್ಲಿ ಕೆಲಸಕ್ಕಿದ್ದೇವೆ. ಅವಳು ಕೆಳಗೆ, ಹಿಂಬದಿಯ ಬೈಂಡಿಂಗ್ ಕೋಣೆಯಲ್ಲಿ. ಇಪ್ಪತ್ತಾರು ವರ್ಷದಿಂದ ಕೈಹೊಲಿಗೆ ಹಾಕಿ ಪುಸ್ತಕ ಕಟ್ಟುತ್ತಾಳೆ. ನಾನು ಮೇಲೆ, ಕರಡು ತಿದ್ದುವ ಕೋಣೆಯಲ್ಲಿ. ಬೇರೆಯವರ ತಪ್ಪು ಹುಡುಕುವುದೇ ನನ್ನ ಕಸುಬು. ಮನೆಯಲ್ಲೂ ಅದನ್ನೇ ಮಾಡುತ್ತೇನೆ ಎಂದು ಭಾವ ಹೇಳುತ್ತಾರೆ. ಭಾವ ಕನ್ನಡಕದ ಅಂಗಡಿಯಲ್ಲಿ ಗಾಜು ತಿಕ್ಕುವವರು, ದಿನಕ್ಕೆ ಹತ್ತು ಮಾತು ಆಡಿದರೆ ಹೆಚ್ಚು. ಆ ಹತ್ತರಲ್ಲಿ ಮೂರು ನನ್ನ ಬಗ್ಗೆಯೇ ಇರುತ್ತವೆ.

ಈ ಗಲಾಟೆಗೆಲ್ಲ ಕಾರಣ ಎರಡು ಶಬ್ದ. ಬಂಡಲ್ ಅಂತ ಒಂದು, ಲೂಸು ಅಂತ ಇನ್ನೊಂದು.

ನಮ್ಮಲ್ಲಿ ಆಗ ವಿದ್ಯಾರ್ಥಿಗಳ ಇಂಗ್ಲಿಷ್–ಕನ್ನಡ ನಿಘಂಟು ಅಚ್ಚಾಗುತ್ತಿತ್ತು. ಅದರಲ್ಲಿ ಇಪ್ಪತ್ತು ಪ್ರತಿ ಮಾತ್ರ ಪರೀಕ್ಷಾ ಮಂಡಳಿಯವರಿಗೆ ವಿಶೇಷವಾಗಿ ಕೈಯಲ್ಲೇ ಹೊಲಿದು, ದಪ್ಪ ರಟ್ಟು ಹಾಕಿ ಕೊಡಬೇಕಿತ್ತು. ಅಕ್ಕ ಹನ್ನೊಂದು ದಿನ ಕೂತು ಹೊಲಿದಳು. ಬುಧವಾರ ಮಧ್ಯಾಹ್ನ ಇಪ್ಪತ್ತನ್ನೂ ಕಟ್ಟಿ, ತಳ್ಳುಗಾಡಿಯಲ್ಲಿ ಇಟ್ಟುಕೊಂಡು ಗೇಟಿನ ಪಕ್ಕದ ರವಾನೆ ಕೋಣೆಗೆ ಹೋದಳು. ಅಲ್ಲಿನ ಗುಮಾಸ್ತ ಊಟಕ್ಕೆ ಹೋಗಿದ್ದ. ಈ ಗುಮಾಸ್ತನಿಗೆ ನೀವು ಏನೇ ಹೇಳಿ, ‘ಆಯ್ತಾಯ್ತು’ ಎನ್ನುತ್ತಾನೆ, ಮಾಡುವುದು ಬಿಡುವುದು ಆಮೇಲಿನ ಮಾತು. ಹಾಗಾಗಿ ಎಲ್ಲರ ಬಾಯಲ್ಲಿ ಅವನ ಹೆಸರೇ ಆಯ್ತಾಯ್ತು. ಅಕ್ಕ ಅವನ ಮೇಜಿನ ಮೇಲೆ ಕಟ್ಟನ್ನು ಇಟ್ಟಳು. ಕಟ್ಟುವಾಗ ಮೇಲಿನೆರಡು ಪ್ರತಿಯ ಹೊಲಿಗೆ ಸ್ವಲ್ಪ ಸಡಿಲ ಅನ್ನಿಸಿತ್ತು. ಬೇರೆಯವರಾಗಿದ್ದರೆ ಸುಮ್ಮನಿರುತ್ತಿದ್ದರು. ಇವಳು ಫೋನು ತೆಗೆದು ಕಚೇರಿಯ ಗುಂಪಿಗೆ ಧ್ವನಿ ಸಂದೇಶ ಕಳಿಸಿದಳು. ಅದನ್ನು ನಾನು ಎಷ್ಟು ಸಲ ಕೇಳಿದ್ದೇನೆಂದರೆ ನಿದ್ದೆಯಲ್ಲಿ ಎಬ್ಬಿಸಿದರೂ ಒಪ್ಪಿಸುತ್ತೇನೆ:

‘ಸರ್, ಬಂಡಲ್ ಬಿಟ್ಟಿದ್ದೀನಿ. ಮೇಲಿರೋ ಎರಡೂ ಲೂಸು. ಅವೆರಡನ್ನ ನನ್ನ ಹತ್ರ ಕಳ್ಸಿ, ಬಿಗಿ ಮಾಡಿ, ಬೆನ್ನಿಗೆ ನಾಲ್ಕು ಹೊಡ್ದು, ಪ್ರೆಸ್ಸಲ್ಲಿ ಹಾಕಿ ಕೊಡ್ತೀನಿ.’

ಬೈಂಡಿಂಗ್ ಕೋಣೆಯ ಒಳಗೆ ಒಂದು ದಿನ ಕಾಲಿಟ್ಟವರಿಗೂ ಇದು ನೀರು ಕುಡಿದಷ್ಟು ಸಲೀಸಾಗಿ ಅರ್ಥವಾಗುತ್ತದೆ. ಪುಸ್ತಕದ ಬೆನ್ನಿಗೆ ಸುತ್ತಿಗೆಯಿಂದ ನಾಲ್ಕು ಏಟು ಹೊಡೆದರೆ ಬೆನ್ನು ದುಂಡಗಾಗಿ ಕೂರುತ್ತದೆ. ಆಮೇಲೆ ತಿರುಪಿನ ಪ್ರೆಸ್ಸಿನಲ್ಲಿಟ್ಟು ಬಿಗಿದರೆ ಕೆಲಸ ಮುಗಿಯಿತು.

ಆದರೆ ನಮ್ಮ ಹೊಸ ಮ್ಯಾನೇಜರು ಆ ಕೋಣೆಗೆ ಕಾಲಿಟ್ಟೇ ಇರಲಿಲ್ಲ, ಬಟ್ಟೆಗೆ ಗೋಂದು ಅಂಟುತ್ತದಲ್ಲ! ಬಂದು ಎಂಟು ತಿಂಗಳಾಗಿತ್ತು. ಅಂಗಿಯ ಮೇಲೆ ಒಂದು ಸುಕ್ಕು ಯಾರೂ ಕಂಡಿಲ್ಲ, ಆದ್ದರಿಂದ ಪ್ರೆಸ್ಸಿಗೆ ಪ್ರೆಸ್ಸೇ ಅವರನ್ನು ಇಸ್ತ್ರಿ ಎಂದು ಕರೆಯುತ್ತದೆ. ಮುಂದಿನ ಸೋಮವಾರ ಪರೀಕ್ಷಾ ಮಂಡಳಿಯವರು ಫೋನು ಮಾಡಿ ‘ಪುಸ್ತಕ ಎಲ್ಲಿ?’ ಎಂದರು. ಇಸ್ತ್ರಿ ರವಾನೆ ಕೋಣೆಗೆ ಫೋನು ಮಾಡಿದರು. ಆಯ್ತಾಯ್ತು ‘ನನಗೆ ಬಂದಿಲ್ಲ ಸರ್’ ಎಂದ. ಇಸ್ತ್ರಿ ಗುಂಪಿನ ಸಂದೇಶ ಹುಡುಕಿ, ಕೇಳಿ, ಕೆಂಡವಾದರು. ಪ್ರೆಸ್ಸಿನ ಆಡಳಿತ ಮಂಡಳಿಗೆ ಇಂಗ್ಲಿಷಿನಲ್ಲೇ ಬರೆಯಬೇಕಲ್ಲ, ಆ ಸಂದೇಶವನ್ನು ಕೂತು ಇಂಗ್ಲಿಷು ಮಾಡಿ, ಅಕ್ಕನ ಕಾಗದದಲ್ಲೂ ಸೇರಿಸಿದರು. ಅದರ ಕನ್ನಡ ಹೀಗೆ: ‘ನಾನು ಸುಳ್ಳು ಹೇಳಿದ್ದೇನೆ. ನನ್ನ ಮೇಲಧಿಕಾರಿಗಳಿಬ್ಬರೂ ಹುಚ್ಚರು. ಅವರಿಬ್ಬರನ್ನು ನನ್ನ ಬಳಿ ಕಳಿಸಿ, ಬಿಗಿದು, ಬೆನ್ನಿಗೆ ನಾಲ್ಕು ಬಾರಿಸಿ, ಯಂತ್ರದಲ್ಲಿ ಹಾಕುತ್ತೇನೆ.’

ಆರೋಪ ಮೂರು: ಬಂಡಲ್ಲನ್ನು ತಲುಪಿಸದೆ ತಲುಪಿಸಿದೆ ಎಂಬ ಸುಳ್ಳು, ಅವಮಾನ, ಜೀವಬೆದರಿಕೆ. ವಿಚಾರಣೆ ಮುಗಿಯುವ ತನಕ ಕೆಲಸಕ್ಕೆ ಬರುವಂತಿಲ್ಲ. ಸಾಬೀತಾದರೆ ವಜಾ.

ಕಾಗದ ಓದಿದಾಗ ಮೊದಲು ನನಗೆ ನಗು ಬಂತು, ಸುಳ್ಳು ಯಾಕೆ ಹೇಳಲಿ. ಭಾವನೂ ನಕ್ಕರು. ಅಕ್ಕ ನಗಲಿಲ್ಲ. ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು, ಎರಡು ಕೈಯನ್ನೂ ಸೀರೆಯ ಸೆರಗಿಗೆ ಒರೆಸುತ್ತಲೇ ಇದ್ದಳು. ಕೈಯಲ್ಲಿ ಏನೂ ಇರಲಿಲ್ಲ.

‘ಹುಚ್ಚರು ಅಂದೆ ಅಂತ ಬರ್ಕೊಳ್ಳಿ, ಹೊಡೀತೀನಿ ಅಂದೆ ಅಂತ್ಲೂ ಬರ್ಕೊಳ್ಳಿ’ ಎಂದಳು. ‘ಸುಳ್ಳು ಹೇಳ್ದೆ ಅಂತ ನಾನೇ ಒಪ್ಕೊಂಡೆ ಅಂತಾರಲ್ಲೇ. ಯಾವಾಗ ಒಪ್ಕೊಂಡೆ?’

ಆಗ ನನ್ನ ನಗು ನಿಂತಿತು. ಸಿಟ್ಟು ನನಗೆ ಯಾವಾಗಲೂ ಮೂಗಿನ ತುದಿಯಲ್ಲೇ ಇರುತ್ತದೆ, ಆದರೆ ಆವತ್ತು ನೆತ್ತಿಗೇರಿ ಕೂತಿತು. ಕೆಂಪು ಪೆನ್ನು ತೆಗೆದು ಆ ಆರೋಪಪತ್ರದ ಕರಡು ತಿದ್ದಲು ಕೂತೆ. ಒಂದೂವರೆ ಪುಟದಲ್ಲಿ ಹದಿನಾಲ್ಕು ತಪ್ಪು! ಅಕ್ಕನ ‘ಲೂಸ್’ ಅನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಎರಡು ಸೊನ್ನೆಯಂಥ ಅಕ್ಷರ ಹಾಕಬೇಕಾದ ಕಡೆ ಮಹಾರಾಯರು ಒಂದೇ ಹಾಕಿದ್ದರು. ನಮ್ಮ ಬಾಯಲ್ಲಿ ಎರಡೂ ಒಂದೇ ಲೂಸು. ನಿಘಂಟಿನಲ್ಲಿ ಬೇರೆ ಬೇರೆ. ಎರಡು ಸೊನ್ನೆ ಇದ್ದರೆ ಸಡಿಲ, ಬಿಗಿಯಿಲ್ಲದ್ದು. ಒಂದು ಸೊನ್ನೆ ಇದ್ದರೆ ಕಳೆದುಕೊಳ್ಳು, ಸೋಲು. ಅವರು ಬರೆದದ್ದನ್ನು ಇದ್ದಂತೆ ಓದಿದರೆ ‘ಮೇಲಿನವರಿಬ್ಬರೂ ಕಳೆದುಕೊಳ್ಳು’ ಎಂದಾಗುತ್ತದೆ. ಇಡೀ ಕಾಗದದಲ್ಲಿ ನಿಜಕ್ಕೆ ಹತ್ತಿರವಾದ ವಾಕ್ಯ ಅದೊಂದೇ. ಕಳೆದುಕೊಂಡದ್ದು ಮೇಲಿನವರೇ ತಾನೆ!

‘ಇದನ್ನ ಅವ್ರಿಗೆ ವಾಪಸ್ ಕೊಡ್ತೀನಿ’ ಎಂದೆ.

‘ಸುಮ್ನಿರೇ, ನಿನ್ನ ಕೆಲಸಾನೂ ಹೋಗತ್ತೆ’ ಎಂದಳು ಅಕ್ಕ.

‘ಹೋಗ್ಲಿ!’

‘ಇಬ್ರೂ ಮನೇಲಿ ಕೂತ್ರೆ ನಾನು ಅಂಗ್ಡೀಲೇ ಮಲಗ್ತೀನಿ’ ಎಂದರು ಭಾವ. ಆ ದಿನದ ಹತ್ತನೇ ಮಾತು ಅದು.

ಇನ್ನೂ ಒಂದು ಸಂಗತಿ ನಿಮಗೆ ಹೇಳಬೇಕು. ಅದನ್ನು ನೆನೆಸಿಕೊಂಡರೆ ಈಗಲೂ ಹಲ್ಲು ಕಡಿಯುವ ಹಾಗಾಗುತ್ತದೆ. ಆ ನಿಘಂಟಿನ ಕರಡು ತಿದ್ದಿದವಳು ನಾನೇ. ತಿದ್ದುವಾಗ ನನಗೊಂದು ಹುಚ್ಚು ಹತ್ತಿತ್ತು. ಇಂಗ್ಲಿಷಿನ ಎಷ್ಟೋ ಶಬ್ದ ನಮ್ಮ ಬಾಯಿಗೆ ಬಂದ ಮೇಲೆ ಬೇರೆಯೇ ಸಂಸಾರ ಹೂಡಿವೆ. ಬ್ಲೇಡು ಅಂದರೆ ಗಡ್ಡ ಹೆರೆಯುವುದು ಮಾತ್ರವಲ್ಲ, ಕೂರಿಸಿಕೊಂಡು ಕೊರೆಯುವವನೂ ಬ್ಲೇಡೇ. ರೈಲು ಹಳಿಯ ಮೇಲೂ ಹೋಗುತ್ತದೆ, ಕಟ್ಟೆಯ ಮೇಲೆ ಕೂತು ಬಿಡುವವರೂ ಇದ್ದಾರೆ. ಬಿಲ್ಡಪ್ಪಿನಲ್ಲಿ ಇಟ್ಟಿಗೆ ಇಲ್ಲ, ಸ್ಕೋಪಿನಲ್ಲಿ ಅವಕಾಶ ಇಲ್ಲ, ಬರೀ ಜಂಬ. ಮಕ್ಕಳಿಗೆ ಇದು ಗೊತ್ತಿರಲಿ, ನಕ್ಕು ಕಲಿಯಲಿ ಎಂದು ಅಂಥ ಮೂವತ್ತು ಶಬ್ದಕ್ಕೆ ಪುಟದ ಅಡಿಯಲ್ಲಿ ಒಂದೊಂದು ಚೌಕ ಮಾಡಿ ‘ನಮ್ಮ ಬಾಯಲ್ಲಿ’ ಎಂದು ಸೇರಿಸಿದ್ದೆ. ಬಂಡಲ್: ಕಟ್ಟು, ಹೊರೆ. ನಮ್ಮ ಬಾಯಲ್ಲಿ: ಸುಳ್ಳು. ಲೂಸ್: ಸಡಿಲ. ನಮ್ಮ ಬಾಯಲ್ಲಿ: ತಲೆಕೆಟ್ಟವ.

ಇಸ್ತ್ರಿ ಅಷ್ಟೂ ಚೌಕದ ಮೇಲೆ ಹಸಿರು ಶಾಯಿಯಲ್ಲಿ ಗೀಟು ಎಳೆದಿದ್ದರು. ‘ಇದು ಬೀದಿಯ ಮಾತು. ಈ ಅರ್ಥಗಳು ಇಲ್ಲವೇ ಇಲ್ಲ’ ಎಂದು ಪಕ್ಕದಲ್ಲಿ ಬರೆದು ಸಹಿ ಹಾಕಿದ್ದರು. ನಾನು ಮೂರು ದಿನ ಊಟ ಸೇರದೆ ಓಡಾಡಿದ್ದೆ. ಈಗ ಅದೇ ಇಲ್ಲದ ಅರ್ಥ ಹಿಡಿದುಕೊಂಡು ನನ್ನ ಅಕ್ಕನನ್ನು ಮನೆಗೆ ಕಳಿಸಲು ಹೊರಟಿದ್ದರು. ಪುಸ್ತಕಕ್ಕೆ ಬೇಡವಾದ ಅರ್ಥ ಹೊಟ್ಟೆಗೆ ಹೊಡೆಯುವುದಕ್ಕೆ ಬೇಕಾಯಿತೆ?

ಮಾರನೆ ದಿನ ಕೆಲಸಕ್ಕೆ ಹೋದವಳೇ ಸೀದಾ ರವಾನೆ ಕೋಣೆಗೆ ನುಗ್ಗಿದೆ. ಆಯ್ತಾಯ್ತು ಹಗ್ಗ ಸುತ್ತುತ್ತಿದ್ದ.

‘ಏನ್ರೀ, ನಮ್ಮಕ್ಕ ಬಂಡಲ್ ತಂದಿಟ್ಟಿದ್ದು ನಿಮಗೆ ಗೊತ್ತಿಲ್ವಾ?’

‘ನಾನು ಊಟಕ್ಕೆ ಹೋಗಿದ್ದೆ ಅಲ್ವಾ.’

‘ಊಟ ಮಾಡಿ ವಾಪಸ್ ಬರಲೇ ಇಲ್ವಾ? ಅಲ್ಲೇ ಮನೆ ಮಾಡ್ಕೊಂಡ್ರಾ?’

‘ನನ್ನನ್ಯಾಕೆ ನಡುವೆ ಎಳೀತೀರಾ? ದೊಡ್ಡೋರ ವಿಷ್ಯ.’

‘ಬಂಡಲ್ ಬಿಟ್ಟಿದ್ದೀನಿ ಅಂದ್ರೆ ಏನು ಅಂತ ನಿಮಗೆ ಗೊತ್ತು. ಬಂದು ಅಷ್ಟು ಹೇಳಿ ಸಾಕು.’

‘ಆಯ್ತಾಯ್ತು’ ಎಂದ. ಆದರೆ ಹೇಳುವಾಗ ನನ್ನ ಮುಖ ನೋಡಲಿಲ್ಲ, ಹಗ್ಗದ ಉಂಡೆಯನ್ನು ನೋಡಿಕೊಂಡು ಹೇಳಿದ. ಇವನ ಹೊಟ್ಟೆಯಲ್ಲಿ ಏನೋ ಇದೆ ಎಂದು ನನಗೆ ಆಗಲೇ ಅನ್ನಿಸಿತು. ಬಾಯಿ ಬಿಡಿಸುವುದು ಹೇಗೆ ಎಂದು ಗೊತ್ತಾಗಲಿಲ್ಲ.

ವಿಚಾರಣೆಗೆ ಇನ್ನೂ ಎರಡು ವಾರವಿತ್ತು. ಆ ಎರಡು ವಾರ ಅಕ್ಕ ಮನೆಯಲ್ಲಿದ್ದಳು. ಮೊದಲ ದಿನ ಡಬ್ಬಗಳನ್ನೆಲ್ಲ ತೊಳೆದಳು. ಎರಡನೆಯ ದಿನ ತೊಳೆದ ಡಬ್ಬಗಳನ್ನೇ ಮತ್ತೆ ತೊಳೆದಳು. ಮೂರನೆಯ ದಿನ ಸೂಜಿ ದಾರ ಹಿಡಿದು ಮನೆಯಲ್ಲಿದ್ದ ಪುಸ್ತಕಗಳ ಮೇಲೆ ಬಿದ್ದಳು. ಭಾವನ ರಸೀದಿ ಪುಸ್ತಕ, ನನ್ನ ಹಳೆಯ ನಿಘಂಟು, ಪಕ್ಕದ ಮನೆಯವರ ನಕ್ಷೆಯ ಪುಸ್ತಕ, ಯಾವುದನ್ನೂ ಬಿಡಲಿಲ್ಲ. ಒಂದು ಸಂಜೆ ನಾನು ಬರುವಷ್ಟರಲ್ಲಿ ಗ್ಯಾಸಿನವರ ಚೀಟಿಗಳಿಗೂ ರಟ್ಟು ಹಾಕಿ ಕೂತಿದ್ದಳು. ತಮಾಷೆ ಮಾಡೋಣ ಎಂದು ಬಾಯಿ ತೆರೆದವಳು ಅವಳ ಮುಖ ನೋಡಿ ಮುಚ್ಚಿಕೊಂಡೆ.

‘ಕೆಲಸ ಹೋದ್ರೆ ಹೋಗ್ಲಿ ಕಣೇ’ ಎಂದಳು, ತಲೆಯೆತ್ತದೆ. ‘ಆದ್ರೆ ವರ್ಷದ ಕೊನೇಲಿ ಕಚೇರಿ ಕಾಗದ ಎಲ್ಲ ಒಟ್ಟು ಮಾಡಿ ಕೆಂಪು ಬಟ್ಟೇಲಿ ಬೈಂಡ್ ಮಾಡ್ತೀವಲ್ಲ, ಅದ್ರಲ್ಲಿ ಇದೂ ಸೇರತ್ತೆ. ನೂರು ವರ್ಷ ಇರತ್ತೆ ಅದು. ನಾನೇ ಹೇಳ್ತೀನಿ, ನಮ್ಮ ಹೊಲಿಗೆ ಬಿಚ್ಚಲ್ಲ. ನೂರು ವರ್ಷ ಆದ್ಮೇಲೆ ಯಾರಾದ್ರೂ ತೆಗೆದು ನೋಡಿದ್ರೆ, ನಾನು ಸುಳ್ಳಿ.’

ಟೀ ಮಾಡುತ್ತೇನೆ ಎಂದು ಎದ್ದು ಹೋದೆ.

ವಿಚಾರಣೆ ಮೇಲಿನ ಮಹಡಿಯ ಸಭೆ ಕೋಣೆಯಲ್ಲಿ ನಡೆಯಿತು. ಉದ್ದದ ಮೇಜು, ಅದರ ಒಂದು ಕಾಲು ಗಿಡ್ಡ, ಕೆಳಗೆ ಮಡಿಸಿದ ಕಾಗದ ತುರುಕಿದ್ದರು. ವಿಚಾರಣೆ ಮಾಡಲು ಹೊರಗಿನಿಂದ ಒಬ್ಬ ವಕೀಲಮ್ಮನನ್ನು ಕರೆಸಿದ್ದರು. ಅರವತ್ತು ದಾಟಿದವರು, ತಲೆ ಪೂರ್ತಿ ಬಿಳಿ, ಯಾರು ಏನು ಹೇಳಿದರೂ ಮುಖದಲ್ಲಿ ಒಂದು ಗೆರೆ ಅಲ್ಲಾಡುತ್ತಿರಲಿಲ್ಲ. ಅವರ ಬಲಕ್ಕೆ ಇಸ್ತ್ರಿ, ಎಡಕ್ಕೆ ನಾವಿಬ್ಬರು. ಅಕ್ಕನಿಗೆ ಸಹಾಯಕ್ಕೆ ಒಬ್ಬರು ಬರಬಹುದು ಎಂದಿತ್ತು, ನಾನು ಹೋಗಿದ್ದೆ. ಅಕ್ಕ ಹೊಲಿದುಕೊಟ್ಟ ನನ್ನ ನಿಘಂಟು ತೊಡೆಯ ಮೇಲಿತ್ತು, ಅದರೊಳಗೆ ಹಸಿರು ಗೀಟಿನ ಕರಡು. ಆಯ್ತಾಯ್ತು ಬಾಗಿಲ ಬಳಿಯ ಕುರ್ಚಿಯ ತುದಿಯಲ್ಲಿ ಕೂತಿದ್ದ.

ಧ್ವನಿ ಸಂದೇಶ ಹಾಕಿದರು. ‘ಬೆನ್ನಿಗೆ ನಾಲ್ಕು ಹೊಡ್ದು’ ಎಂದು ಅಕ್ಕನ ಮೆತ್ತಗಿನ ದನಿ ಆ ದೊಡ್ಡ ಕೋಣೆಯಲ್ಲಿ ಕೇಳಿತು.

‘ಈ ದನಿ ನಿಮ್ದೇನಾ?’ ವಕೀಲಮ್ಮ ಕೇಳಿದರು.

‘ನಂದೇ.’

‘ಬಂಡಲ್ ಬಿಟ್ಟಿದ್ದೀನಿ ಅಂತ ಹೇಳಿದ್ದು ನೀವೇ?’

‘ಹೌದು, ನಾನೇ ಬಿಟ್ಟಿದ್ದು.’

‘ನೋಡಿ ಮೇಡಂ, ನಿಮ್ಮೆದುರೂ ಒಪ್ಕೊಂಡ್ರು!’ ಎಂದು ಇಸ್ತ್ರಿ ಕುರ್ಚಿಯಿಂದ ಅರ್ಧ ಎದ್ದರು.

ನಾನು ತಡೆದುಕೊಳ್ಳಲಿಲ್ಲ. ‘ಏನು ಒಪ್ಕೊಂಡ್ಳು? ಪುಸ್ತಕದ ಬಂಡಲ್ ಮೇಜಿನ ಮೇಲೆ ಬಿಟ್ಟು ಬಂದೆ ಅಂತ ಒಪ್ಕೊಂಡ್ಳು. ಲೂಸು ಅಂದ್ರೆ ಹೊಲಿಗೆ ಲೂಸು. ಬೆನ್ನು ಅಂದ್ರೆ ಪುಸ್ತಕದ ಬೆನ್ನು. ನಿಮ್ಮ ಬೆನ್ನು ಯಾರಿಗೆ ಬೇಕಾಗಿದೆ ಸರ್?’

ಅಕ್ಕ ಮೇಜಿನ ಕೆಳಗೆ ನನ್ನ ತೊಡೆ ಚಿವುಟಿದಳು. ನಾನು ನಿಘಂಟು ತೆರೆದು ಎರಡೂ ಶಬ್ದದ ಅರ್ಥ ಗಟ್ಟಿಯಾಗಿ ಓದಿದೆ. ಕರಡನ್ನೂ ಬಿಡಿಸಿ ವಕೀಲಮ್ಮನ ಮುಂದೆ ಇಟ್ಟೆ. ‘ಸುಳ್ಳು ಅನ್ನೋ ಅರ್ಥ ನಾನು ಸೇರ್ಸಿದ್ದೆ. ಈ ಅರ್ಥ ಇಲ್ಲವೇ ಇಲ್ಲ ಅಂತ ಹೊಡೆದು ಹಾಕಿದ್ದು ಇವ್ರೇ. ಸಹಿ ನೋಡಿ.’

ವಕೀಲಮ್ಮ ಕನ್ನಡಕ ಏರಿಸಿ ನೋಡಿದರು. ‘ಈ ಸಹಿ ನಿಮ್ದಾ?’

ಇಸ್ತ್ರಿಯ ಕಿವಿ ಕೆಂಪಾಯಿತು. ‘ಮೇಡಂ, ನಿಘಂಟು ಬೇರೆ, ಜನ ಆಡೋ ಮಾತು ಬೇರೆ. ನಿಘಂಟು ಇಟ್ಕೊಂಡು ಯಾರು ಮಾತಾಡ್ತಾರೆ? ಬಂಡಲ್ ಬಿಟ್ಟ ಅಂದ್ರೆ ಸಣ್ಣ ಮಕ್ಳಿಗೂ ಗೊತ್ತು, ಸುಳ್ಳು ಹೇಳ್ದ ಅಂತ.’

ಎಂಥ ನಾಲಿಗೆ ನೋಡಿ! ಆರು ತಿಂಗಳ ಹಿಂದೆ ಮಕ್ಕಳಿಗೆ ಬೇಡ ಎಂದಿದ್ದು ಇದೇ ನಾಲಿಗೆ. ಆದರೆ ವಕೀಲಮ್ಮ ತಲೆಯಾಡಿಸಿದರು. ‘ಅದೂ ಸರೀನೇ. ಎರಡೂ ಅರ್ಥ ಇದೆ. ಇವ್ರು ಯಾವ ಅರ್ಥದಲ್ಲಿ ಹೇಳಿದ್ರು ಅನ್ನೋದಕ್ಕೆ ಬಂಡಲ್ ನೋಡಿದವರು ಬೇಕು.’ ನೋಡಿದವನು ಎಂದರೆ ಬಾಗಿಲ ಬಳಿ ಕೂತಿದ್ದವನೊಬ್ಬನೇ.

ಆಯ್ತಾಯ್ತುವನ್ನು ಮುಂದಕ್ಕೆ ಕರೆದರು.

‘ನಿಮ್ಮಲ್ಲಿ ಬಂಡಲ್ ಬಿಡೋದು ಅಂದ್ರೆ ಏನು ಅರ್ಥ?’

ಅವನು ಒಮ್ಮೆ ಇಸ್ತ್ರಿಯನ್ನು ನೋಡಿದ, ಒಮ್ಮೆ ಅಕ್ಕನನ್ನು ನೋಡಿದ. ‘ಅದು ಹೇಳೋರ ಮೇಲೆ ಹೋಗತ್ತೆ ಮೇಡಂ. ಹಾಗೂ ಅನ್ಬೋದು, ಹೀಗೂ ಅನ್ಬೋದು.’

ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ! ಇಪ್ಪತ್ತಾರು ವರ್ಷ ಅಕ್ಕನ ಡಬ್ಬಿಯಿಂದ ತುತ್ತು ಹಂಚಿಕೊಂಡು ತಿಂದವನು. ಅವನ ಮಗಳ ಶಾಲೆಯ ಪುಸ್ತಕಗಳಿಗೆಲ್ಲ ರಟ್ಟು ಹಾಕಿಕೊಟ್ಟವಳು ಅಕ್ಕ. ನನಗೆ ಅಳು ಬರುವಷ್ಟು ಸಿಟ್ಟು ಬಂತು. ಅಕ್ಕ ಮಾತ್ರ ಅವನನ್ನೇ ನೋಡುತ್ತಾ ಕೂತಿದ್ದಳು, ಕಣ್ಣು ಮಿಟುಕಿಸದೆ.

‘ಆ ಬುಧವಾರ ನೀವು ಕೆಲಸದಲ್ಲಿದ್ರಾ?’ ಎಂದರು ವಕೀಲಮ್ಮ.

‘ಇದ್ದೆ ಮೇಡಂ, ಇರದೆ ಏನು?’ ತನ್ನ ಕೆಲಸದ ಮಾತು ಬಂದ ಕೂಡಲೇ ಅವನ ದನಿಗೆ ಜೀವ ಬಂತು. ‘ಒಂದು ದಿನಾನೂ ರಜೆ ಹಾಕಲ್ಲ ನಾನು. ಆವತ್ತು ಬೆಳಗ್ಗೆ ಏಳು ಬಂಡಲ್ ಬಿಟ್ಟೆ. ಊಟ ಆದ್ಮೇಲೆ ನಾಲ್ಕು ಬಂಡಲ್ ಬಿಟ್ಟೆ. ಮೂವತ್ತು ವರ್ಷ ಆಯ್ತು ಮೇಡಂ, ಇದೇ ಗೇಟಲ್ಲಿ ದಿನಾ ಬಂಡಲ್ ಬಿಡ್ತಾ ಇದೀನಿ. ಇವತ್ತಿನವರೆಗೂ ನನ್ನ ಬಗ್ಗೆ ಒಬ್ರು ಒಂದ್ ಮಾತು ಅಂದಿಲ್ಲ!’

ವಕೀಲಮ್ಮ ಪೆನ್ನಿನ ಮುಚ್ಚಳ ತೆಗೆದರು.

‘ಬರ್ಕೋತೀನಿ’ ಎಂದು ಒಂದೊಂದೇ ಶಬ್ದ ಬಿಡಿಸಿ ಹೇಳುತ್ತಾ ಬರೆಯತೊಡಗಿದರು. ‘ತಾನು ಮೂವತ್ತು ವರ್ಷಗಳಿಂದ, ಇದೇ ಗೇಟಿನಲ್ಲಿ, ಪ್ರತಿದಿನವೂ ಸುಳ್ಳು ಹೇಳುತ್ತಿರುವುದಾಗಿ, ಸಾಕ್ಷಿಯು ಒಪ್ಪಿಕೊಂಡಿದ್ದಾರೆ.’

‘ಅಯ್ಯಯ್ಯೋ! ಇಲ್ಲ ಮೇಡಂ!’ ಆಯ್ತಾಯ್ತು ಎದ್ದೇ ಬಿಟ್ಟ. ‘ಹಾಗಲ್ಲ! ಬಂಡಲ್ ಅಂದ್ರೆ ಬಂಡಲ್ಲು! ಪುಸ್ತಕದ ಬಂಡಲ್ಲು! ಸುಳ್ಳು ಯಾಕಾಗತ್ತೆ?’

‘ಹಾಗೂ ಅನ್ಬೋದು, ಹೀಗೂ ಅನ್ಬೋದು ಅಂದ್ರಲ್ಲ?’

‘ಹೊರಗಡೆ ಅನ್ಬೋದು ಮೇಡಂ. ಇಲ್ಲಿ, ಈ ಪ್ರೆಸ್ಸಲ್ಲಿ, ಒಂದೇ ಅರ್ಥ.’

‘ಹಾಗಾದ್ರೆ ಇವ್ರು ಬಿಟ್ಟಿದ್ದು?’

‘ಪುಸ್ತಕದ್ದೇ.’

‘ಎಲ್ಲಿ ಹೋಯ್ತು?’

ಅವನು ಮೇಜಿನ ಮೇಲಿನ ನೀರಿನ ಲೋಟ ನೋಡಿದ. ಯಾರೂ ಕುಡಿ ಎನ್ನಲಿಲ್ಲ. ‘ರದ್ದಿ ಗಾಡಿಗೆ ಹೋಯ್ತು ಮೇಡಂ. ಮೇಲಿನೆರಡು ಲೂಸು ಅಂತ ಸಂದೇಶ ಇತ್ತಲ್ಲ, ಪೂರ್ತಿ ಕೆಟ್ಟಿರೋ ಬಂಡಲ್ಲು ಅಂದ್ಕೊಂಡು ಮೆಟ್ಟಿಲ ಕೆಳಗೆ ತಳ್ಳಿದ್ದೆ, ಆಮೇಲೆ ನೋಡೋಣ ಅಂತ. ಶನಿವಾರ ರದ್ದಿಯೋರು ಬಂದು ಎಲ್ಲ ಬಾಚ್ಕೊಂಡು ಹೋದ್ರು. ಸೋಮವಾರ ಸಾಹೇಬ್ರು ಕೇಳ್ದಾಗ ಭಯ ಆಯ್ತು.’

ಅಂದರೆ ಲೂಸು ಎಂದರೆ ಏನು ಎಂದು ಮೊದಲ ದಿನವೇ ಅವನಿಗೆ ಸರಿಯಾಗಿ ಅರ್ಥವಾಗಿತ್ತು. ಅರ್ಥವಾಗಿಯೂ ತುಟಿ ಪಿಟಕ್ಕೆನ್ನದೆ ಕೂತಿದ್ದ. ಸುಳ್ಳು ಹೇಳಿದವನು ಅವನು, ಸುಳ್ಳಿ ಅನ್ನಿಸಿಕೊಂಡು ಎರಡು ವಾರ ಡಬ್ಬ ತೊಳೆದವಳು ನನ್ನ ಅಕ್ಕ. ನಾನು ಅವನಿಗೆ ಏನೇನು ಅಂದೆನೋ ನೆನಪಿಲ್ಲ. ವಕೀಲಮ್ಮ ಎರಡು ಸಲ ಮೇಜು ಕುಟ್ಟಿದ್ದು ಮಾತ್ರ ನೆನಪಿದೆ.

ಇಸ್ತ್ರಿ ಅಂಗಿಯ ತೋಳು ಸರಿಮಾಡಿಕೊಂಡು ನಕ್ಕರು. ‘ಓಕೆ, ಓಕೆ. ಒಂದು ಸಣ್ಣ ಮಿಸ್‌ಅಂಡರ್‌ಸ್ಟ್ಯಾಂಡಿಂಗ್. ನಾಳೆಯಿಂದ ಕೆಲ್ಸಕ್ಕೆ ಬನ್ನೀಮ್ಮಾ.’

ಸಣ್ಣದಂತೆ!

ಅಕ್ಕ ಆಗ ಮೊದಲ ಸಲ ತಾನಾಗಿ ಬಾಯಿ ತೆರೆದಳು. ‘ಸರ್, ಆ ಕಾಗದ?’

‘ಯಾವ ಕಾಗದ?’

‘ಸುಳ್ಳು ಹೇಳ್ದೆ ಅಂತ ನಾನೇ ಒಪ್ಕೊಂಡಿದ್ದೀನಿ ಅಂತ ಬರ್ದಿದ್ದೀರಲ್ಲ, ಅದು.’

‘ಅದು ಫೈಲಲ್ಲಿ ಇರತ್ತಮ್ಮಾ. ಒಂದ್ಸಲ ಸಹಿ ಮಾಡಿ ಕಳಿಸಿದ್ದನ್ನ ತೆಗೆಯೋ ಹಾಗಿಲ್ಲ. ಪ್ರೊಸೀಜರ್. ಸಾಬೀತಾಗಿಲ್ಲ ಅಂತ ಇನ್ನೊಂದು ಕಾಗದ ಕೆಳಗೆ ಹಾಕ್ತೀವಿ.’

‘ತಪ್ಪಾಯ್ತು ಅಂತ ಒಂದು ಮಾತು ಹೇಳಿ’ ಎಂದೆ ನಾನು.

‘ನೋಡಿ, ನೀವು ಓವರ್ ಆಗಿ ಮಾತಾಡ್ತಿದ್ದೀರಾ’ ಎಂದರು ಇಸ್ತ್ರಿ. ತಪ್ಪಾಯ್ತು ಎನ್ನಲಿಲ್ಲ. ವಕೀಲಮ್ಮ ಚೀಲ ಎತ್ತಿಕೊಂಡು, ಅಕ್ಕನ ಭುಜದ ಮೇಲೆ ಒಂದು ಕ್ಷಣ ಕೈಯಿಟ್ಟು, ಹೊರಟುಹೋದರು.

ಅಕ್ಕ ಮಾರನೆಯ ದಿನ ಕೆಲಸಕ್ಕೆ ಹೋದಳು. ಅದೇ ಕೋಣೆ, ಅದೇ ಸ್ಟೂಲು. ಮತ್ತೆ ಇಪ್ಪತ್ತು ಪ್ರತಿ ಹೊಲಿದು ಕೊಟ್ಟಳು. ಆಯ್ತಾಯ್ತುವನ್ನು ಎಂಟು ದಿನ ಮನೆಗೆ ಕಳಿಸಿ ಆಮೇಲೆ ಕರೆದುಕೊಂಡರು. ಅವನು ಬಂದು ಅಕ್ಕನ ಮುಂದೆ ಕೈಮುಗಿದು ನಿಂತ. ಅಕ್ಕ ‘ಹೋಗ್ಲಿ ಬಿಡು, ಊಟ ಆಯ್ತಾ?’ ಎಂದಳಂತೆ. ನಾನು ಅಲ್ಲಿದ್ದಿದ್ದರೆ ಸುತ್ತಿಗೆ ಹುಡುಕುತ್ತಿದ್ದೆ.

ವರ್ಷದ ಕೊನೆ ಬಂತು. ಕಚೇರಿಯ ಕಾಗದಗಳೆಲ್ಲ ಗಂಟು ಕಟ್ಟಿಕೊಂಡು ಬೈಂಡಿಂಗ್ ಕೋಣೆಗೆ ಇಳಿದು ಬಂದವು. ಟೀ ಹೊತ್ತಿಗೆ ನಾನು ಕೆಳಗೆ ಹೋದಾಗ ಅಕ್ಕನ ಮುಂದೆ ಆ ವರ್ಷದ ಶಿಸ್ತುಕ್ರಮದ ಫೈಲು ಬಿಚ್ಚಿ ಬಿದ್ದಿತ್ತು. ಎಲ್ಲಕ್ಕಿಂತ ಮೇಲಿನ ಹಾಳೆ ಅವಳದೇ. ‘ತಾವೇ ಒಪ್ಪಿಕೊಂಡಿರುತ್ತೀರಿ’.

‘ಹರಿದು ಒಲೆಗೆ ಹಾಕು’ ಎಂದೆ.

‘ಕಚೇರಿ ಕಾಗದ ಹರಿಯೋಕೆ ನಾನು ಯಾರೇ?’

‘ಹಾಗಾದ್ರೆ ಹೊಲೀತೀಯಾ? ನಿನ್ನ ಕೈಯಾರೆ? ನೂರು ವರ್ಷ ಇರೋ ಹಾಗೆ?’

ಅವಳು ದಾರಕ್ಕೆ ಮೇಣ ಹಚ್ಚಿದಳು, ಸೂಜಿಗೆ ಪೋಣಿಸಿದಳು. ಹಾಳೆಗಳನ್ನು ಕಟ್ಟುಕಟ್ಟಾಗಿ ಜೋಡಿಸಿ ಹೊಲಿಯುತ್ತಾ ಬಂದಳು. ನಾನು ಉಸಿರು ಹಿಡಿದು ನೋಡುತ್ತಿದ್ದೆ. ಆ ಹಾಳೆಯ ಸರದಿ ಬಂದಾಗ ಅದನ್ನು ಎತ್ತಿ, ಅಂಚು ಸರಿಮಾಡಿ, ಹೊಲಿದ ಕಟ್ಟಿನ ಮೇಲೆ ಸುಮ್ಮನೆ ಇಟ್ಟಳು. ಸೂಜಿ ಅದರೊಳಗೆ ಹೋಗಲಿಲ್ಲ. ಗೋಂದು ಹಚ್ಚಿದಳು, ಅದರ ಅಂಚಿಗೆ ಸೋಕದ ಹಾಗೆ. ಬೆನ್ನಿಗೆ ಸುತ್ತಿಗೆಯಿಂದ ನಾಲ್ಕು ಹೊಡೆದಳು. ನಾಲ್ಕನೆಯದು ಸ್ವಲ್ಪ ಜೋರಾಗಿಯೇ ಬಿತ್ತು. ಕೆಂಪು ಬಟ್ಟೆಯ ರಟ್ಟು ಹಾಕಿ ಪ್ರೆಸ್ಸಿನಲ್ಲಿಟ್ಟು ತಿರುಪು ಬಿಗಿದಳು.

ಎರಡು ದಿನದ ನಂತರ ಆ ಸಂಪುಟವನ್ನು ಎದೆಗೆ ಅವುಚಿಕೊಂಡು ಮೆಟ್ಟಿಲು ಹತ್ತಿ ಇಸ್ತ್ರಿಯ ಕೋಣೆಗೆ ಅವಳೇ ಹೋದಳು. ಇಂಥದ್ದನ್ನು ನಾನು ಬಿಡುತ್ತೇನೆಯೇ? ಒಂದು ಕರಡು ಹಿಡಿದುಕೊಂಡು ಹಿಂದೆಯೇ ಹೋದೆ.

ಇಸ್ತ್ರಿ ರಟ್ಟು ತೆರೆದರು. ಮೇಲಿನ ಹಾಳೆ ಜಾರಿ, ಮೇಜಿನ ಅಂಚು ದಾಟಿ, ಅವರ ಹೊಳೆಯುವ ಬೂಟಿನ ಪಕ್ಕ ನೆಲಕ್ಕೆ ಬಿತ್ತು. ಅದನ್ನು ಎತ್ತಿಕೊಳ್ಳಲು ಅವರು ಬಗ್ಗಬೇಕಾಯಿತು. ಎದ್ದಾಗ ಅಂಗಿಯ ಹೊಟ್ಟೆಯ ಮೇಲೆ ಅಡ್ಡಡ್ಡ ಮೂರು ಸುಕ್ಕು.

‘ಏನಮ್ಮಾ ಇದು? ನಿಮ್ಮ ಹೊಲಿಗೆ ಬಿಚ್ಚಲ್ಲ ಅಂತಾರೆ ಎಲ್ರೂ?’

‘ಉಳಿದಿದ್ದೆಲ್ಲ ಗಟ್ಟಿಯಾಗಿದೆ ಸರ್’ ಎಂದಳು ಅಕ್ಕ, ಅವರ ಮುಖವನ್ನೇ ನೋಡುತ್ತಾ. ‘ಮೇಲಿರೋದೊಂದು ಲೂಸು.’

ಇಸ್ತ್ರಿ ಕೈಯಲ್ಲಿದ್ದ ಹಾಳೆ ನೋಡಿದರು, ಅಕ್ಕನನ್ನು ನೋಡಿದರು. ಯಾವ ಅರ್ಥದಲ್ಲಿ ಎಂದು ಕೇಳಿದರೆ ಉತ್ತರ ಬರುತ್ತದೆ ಎಂದು ಗೊತ್ತಿತ್ತೋ ಏನೋ, ಕೇಳಲಿಲ್ಲ. ಹಾಳೆಯನ್ನು ಮಡಿಸಿ ಮೇಜಿನ ಡ್ರಾಯರಿಗೆ ಹಾಕಿ, ನಾವು ಹೋಗಬಹುದು ಎಂದು ಕೈ ಆಡಿಸಿದರು.

ಮೆಟ್ಟಿಲಿಳಿಯುವಾಗ ನನಗೆ ತಡೆಯಲಾಗಲಿಲ್ಲ. ಸೆರಗು ಹಿಡಿದು ನಿಲ್ಲಿಸಿದೆ.

‘ಅಕ್ಕಾ, ನಿಜ ಹೇಳು. ಹಾಳೆ ಲೂಸು ಅಂದ್ಯಾ, ಅವ್ರು ಲೂಸು ಅಂದ್ಯಾ?’

‘ಬಿಡೇ ಸೆರಗು, ಪ್ರೆಸ್ಸಲ್ಲಿ ಇನ್ನೊಂದು ಪುಸ್ತಕ ಇಟ್ಟು ಬಂದಿದ್ದೀನಿ’ ಎಂದಳು. ಎರಡು ಮೆಟ್ಟಿಲಿಳಿದು ತಿರುಗಿ ನೋಡಿದಳು. ‘ನನಗೆ ಸುಳ್ಳು ಹೇಳೋಕೆ ಬರಲ್ಲ ಅಂತ ನಿನಗೆ ಗೊತ್ತಲ್ವಾ?’